‘ಬೈಟೆಂಪೊರಲ್ ಹೆಮಿಅನೋಪಿಯಾ’ಕ್ಕೆ ‘ಅರೆಗುರುಡು’ ಸರಿಯೇ?

ಪ್ರಶ್ನೆ: ಮಕ್ಕಳ ಪಿಟ್ಯುಟರಿ ಗೆಡ್ಡೆಗಳ ಬಗ್ಗೆ ಪೋಷಕರಿಗೆ ಕೊಡುವ ಮಾಹಿತಿ ಹಾಳೆಯೊಂದನ್ನು ತಿದ್ದುತ್ತಿದ್ದೇನೆ. ‘ಬೈಟೆಂಪೊರಲ್ ಹೆಮಿಅನೋಪಿಯಾ’ ಎಂಬುದನ್ನು ಒಂದು ಕಡೆ ‘ತಾತ್ಕಾಲಿಕ ಅರೆಗುರುಡು’ ಎಂದೂ ಇನ್ನೊಂದು ಕಡೆ ‘ಕಡೆಗಣ್ಣಿನ ನೋಟದ ನಷ್ಟ’ ಎಂದೂ ಬರೆದಿದ್ದಾರೆ. ಟ್ಯೂಮರ್‌ಗೆ ‘ಅರ್ಬುದ’ ಎಂದಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಎರಡೂ ಕಣ್ಣಿಗೆ ಹೊರಬದಿಯ ಅರ್ಧ ನೋಟ ಹೋಗುವುದೇ ಬೈಟೆಂಪೊರಲ್ ಹೆಮಿಅನೋಪಿಯಾ. ಮೊದಲು ‘ತಾತ್ಕಾಲಿಕ’ವನ್ನು ಹೊಡೆದುಹಾಕಿ ಸರ್. ಇಲ್ಲಿನ ‘ಟೆಂಪೊರಲ್’ಗೂ ಕಾಲಕ್ಕೂ ಸಂಬಂಧವಿಲ್ಲ. ಅದು ಕಣತಲೆ, ಅಂದರೆ ಹುಬ್ಬಿನ ಕೊನೆಗೂ ಕಿವಿಗೂ ನಡುವಿನ ಜಾಗ. ತಾತ್ಕಾಲಿಕ ಎಂದು ಓದಿದವರು ತಾನಾಗಿ ಸರಿಹೋದೀತೆಂದು ಕಾಯುತ್ತಾರೆ. ಗೆಡ್ಡೆಯ ಒತ್ತಡ ಬಹುಕಾಲ ಉಳಿದು ಕಣ್ಣಿನ ನರ ಬಿಳಿಚಿಕೊಂಡಿತೆಂದರೆ, ಗೆಡ್ಡೆ ತೆಗೆದ ಮೇಲೂ ನೋಟ ಪೂರ್ತಿ ಮರಳುವುದು ಕಷ್ಟ.

‘ಅರೆಗುರುಡು’ ಕೂಡ ಬೇಡ. ಹಾರ್ಮೋನು ಸ್ರವಿಸುವ ಪಿಟ್ಯುಟರಿ ಗ್ರಂಥಿ ಬಟಾಣಿ ಕಾಳಿನಷ್ಟು. ತಲೆಬುರುಡೆಯ ತಳದಲ್ಲಿ, ಕುದುರೆಯ ಜೀನಿನಂಥ ತಗ್ಗಿನಲ್ಲಿ ಕೂತಿರುತ್ತದೆ. ಅದರಿಂದ ಸುಮಾರು 10 ಮಿ.ಮೀ. ಮೇಲೆ ಎರಡೂ ಕಣ್ಣಿನ ನರಗಳು ಕೂಡುತ್ತವೆ. ಅಲ್ಲಿ ಅಡ್ಡ ಹಾಯುವುದು ರೆಟಿನಾದ (ಕಣ್ಣಿನ ಹಿಂಪರದೆಯ) ಮೂಗಿನ ಬದಿಯ ಎಳೆಗಳು ಮಾತ್ರ, ಅವು ಹೊತ್ತು ತರುವುದು ಹೊರಬದಿಯ ನೋಟವನ್ನು. ಗೆಡ್ಡೆ ಕೆಳಗಿನಿಂದ ಒತ್ತಿದರೆ ಹೊರಬದಿಯ ಮೇಲ್ಭಾಗ ಮೊದಲು ಮಸುಕಾಗುತ್ತದೆ. ಮಕ್ಕಳಲ್ಲಿ ಈ ಜಾಗದಲ್ಲಿ ಹೆಚ್ಚಾಗಿ ಸಿಗುವ ಕ್ರೇನಿಯೋಫ್ಯಾರಿಂಜಿಯೋಮ ಎಂಬ ಗೆಡ್ಡೆ ಸಾಮಾನ್ಯವಾಗಿ ಮೇಲಿನಿಂದ ಒತ್ತುವುದರಿಂದ ಕೆಳಭಾಗ ಮೊದಲು ಹೋಗುತ್ತದೆ. ಆಗ ಮಗು ಮೆಟ್ಟಿಲಲ್ಲಿ ಎಡವುತ್ತದೆ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತದೆ. ಅದೇ ಮಗು ಅಕ್ಷರಪಟದ 6/6 (ಸಾಮಾನ್ಯ ದೃಷ್ಟಿಯ) ಸಾಲನ್ನು ಸಲೀಸಾಗಿ ಓದಲೂಬಹುದು. ‘ಕುರುಡು’ ಎಂದು ಕಂಡ ತಾಯಿ ‘ನಮ್ಮ ಮಗೂಗೆ ಹಾಗೇನಿಲ್ಲ’ ಎಂದು ಹಾಳೆಯನ್ನು ಮಡಚಿಡುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ.

ಇನ್ನು ‘ಕಡೆಗಣ್ಣಿನ ನೋಟ’. ಅದು ಓರೆಯಾಗಿ ನೋಡುವ ಬಗೆ. ಕಣ್ಣಿಗೆ ಎಷ್ಟು ಅಗಲ ಕಾಣುತ್ತದೆ ಎಂಬ ಅರ್ಥ ಅದಕ್ಕಿಲ್ಲ. ವಿಷುಯಲ್ ಫೀಲ್ಡ್‌ಗೆ ‘ದೃಷ್ಟಿಕ್ಷೇತ್ರ’ ಇದೆ, ಆದರೆ ‘ನೋಟದ ಹರವು’ ಕೇಳಿದ ಕೂಡಲೇ ತಿಳಿಯುತ್ತದೆ. ಹಾಗಾಗಿ ‘ಎರಡೂ ಕಣ್ಣಿಗೆ ಹೊರಬದಿಯ ನೋಟ ಕುಂದಿರುವುದು’ ಎಂದು ಬಿಡಿಸಿಯೇ ಬರೆಯಿರಿ. ಒಂದೇ ಪದ ಬೇಕೆಂಬ ಹಟ ಇಲ್ಲಿ ಬೇಡ.

ಹಾಳೆಯಲ್ಲಿ ‘ಎರಡೂ ಕಣ್ಣು ತೆರೆದು ಪರೀಕ್ಷಿಸಿ’ ಎಂಬ ಸಾಲು ಇದ್ದರೆ ತಿದ್ದಿ. ಒಂದೊಂದು ಕಣ್ಣಿಗೂ ಮೂಗಿನ ಬದಿಗೆ ಸುಮಾರು 60 ಡಿಗ್ರಿ ಕಾಣುವುದರಿಂದ, ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಒಂದು ಕಣ್ಣು ಮುಚ್ಚಿ, ಎದುರು ಒಂದು ಮೀಟರ್ ದೂರದಲ್ಲಿ ಕೂತವರ ಮೂಗನ್ನೇ ನೋಡುತ್ತಿರಲು ಮಗುವಿಗೆ ಹೇಳಿ, ಬೆರಳಾಡಿಸುತ್ತ ಕೈಯನ್ನು ಕಿವಿಯ ಕಡೆಯಿಂದ ಮುಂದಕ್ಕೆ ತರಬೇಕು. ತೀರ ಚಿಕ್ಕ ಮಗುವಾದರೆ ಎದುರಿಗೊಂದು ಆಟಿಕೆ, ಹಿಂದಿನಿಂದ ಬರುವ ಇನ್ನೊಂದು ಆಟಿಕೆ. ಕಣ್ಣು ಯಾವಾಗ ಅತ್ತ ಹೊರಳಿತು ಎಂಬುದನ್ನು ಗಮನಿಸಬೇಕು. ಇದರಲ್ಲಿ ಸಣ್ಣ ಕೊರತೆ ತಪ್ಪಿಹೋಗಬಹುದು, ಪೆರಿಮೆಟ್ರಿ (ಯಂತ್ರದಿಂದ ನೋಟದ ಹರವು ಅಳೆಯುವ ಪರೀಕ್ಷೆ) ಮತ್ತು ಎಂಆರ್‌ಐ ಬೇಕೇ ಬೇಕು.

‘ಅರ್ಬುದ’ ಎಂದರೆ ಜನ ಕ್ಯಾನ್ಸರ್ ಎಂದೇ ಓದುತ್ತಾರೆ. ಪಿಟ್ಯುಟರಿ ಗ್ರಂಥಿಯಲ್ಲೇ ಬೆಳೆಯುವ ಅಡೆನೋಮವಾಗಲಿ ಕ್ರೇನಿಯೋಫ್ಯಾರಿಂಜಿಯೋಮವಾಗಲಿ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ‘ಗೆಡ್ಡೆ’ ಸಾಕು.

ಹಾಳೆಯಲ್ಲಿ ‘ಡಯಾಬಿಟಿಸ್ ಇನ್ಸಿಪಿಡಸ್’ ಕೂಡ ಬಂದಿರಬೇಕು, ನೋಡಿ. ದೇಹದಲ್ಲಿ ನೀರು ಉಳಿಸುವ ವ್ಯಾಸೊಪ್ರೆಸಿನ್ ಹಾರ್ಮೋನು ಕಡಿಮೆಯಾಗಿ ವಿಪರೀತ ಮೂತ್ರ, ಬಾಯಾರಿಕೆ ಆಗುವ ತೊಂದರೆ ಅದು. ಡಯಾಬಿಟಿಸ್ ಎಂದು ಕಂಡರೆ ಮನೆಯವರು ಸಿಹಿ ನಿಲ್ಲಿಸುತ್ತಾರೆ. ಪದೇ ಪದೇ ಮೂತ್ರ ಹೋಗುತ್ತದೆಂದು ನೀರು ಕಡಿಮೆ ಮಾಡಿದರಂತೂ ಮಗುವಿನ ಜೀವಕ್ಕೇ ಅಪಾಯ. 2022ರಲ್ಲಿ ಸೂಚಿತವಾದ ಹೊಸ ಹೆಸರನ್ನು ಹಿಡಿದು ‘ವ್ಯಾಸೊಪ್ರೆಸಿನ್ ಕೊರತೆ, ಇದು ಸಕ್ಕರೆ ಕಾಯಿಲೆಯಲ್ಲ’ ಎಂದು ಹಾಕಿ.