ಸಹಾಯ ಬೇಕು: ಹುಬ್ಬಳ್ಳಿಯಲ್ಲಿ ವೈನ್ ಕೂಲರ್ ರಿಪೇರಿ ಮಾಡುವವರು ಯಾರಾದರೂ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ವಿದ್ಯಾನಗರದಲ್ಲಿ. 12 ಬಾಟಲಿ ಹಿಡಿಯುವ ಸಣ್ಣ ವೈನ್ ಕೂಲರ್ ಇದೆ, ಭಾವ ಊರು ಬಿಡುವಾಗ ಕೊಟ್ಟು ಹೋದದ್ದು. ವೈನ್ ಇರುವುದು ಎರಡೇ ಬಾಟಲಿ, ಉಳಿದ ಜಾಗವೆಲ್ಲ ಅವ್ವನ ಮಜ್ಜಿಗೆಗೆ. ನಗಬೇಡಿ!

ಏಪ್ರಿಲ್ ಬಿಸಿಲಲ್ಲಿ 12 ಡಿಗ್ರಿಗೆ ಇಟ್ಟರೂ 20ರ ಕೆಳಗೆ ಇಳಿಯಲಿಲ್ಲ. ಇದು ಕಂಪ್ರೆಸರ್ ಇಲ್ಲದ ಪೆಲ್ಟಿಯರ್ ಮಾದರಿ, ಅಂದರೆ ಕರೆಂಟ್ ಹರಿದಾಗ ಒಂದು ಬದಿ ತಣ್ಣಗಾಗುವ ಸಣ್ಣ ಚಿಪ್‌ನಿಂದ ನಡೆಯುವಂಥದ್ದು. ಕೋಣೆಯ ಬಿಸಿ ಜಾಸ್ತಿಯಾದರೆ ಇದರ ಕೈಲಿ ಆಗುವುದಿಲ್ಲ, ಹಾಗಾಗಿ ಸುಮ್ನಿದ್ದೆ. ಈಗ ಮಳೆ ಹಿಡಿದು ಕೋಣೆ 26ಕ್ಕೆ ಬಂದಿದೆ. ಆದರೂ ಒಳಗೆ 19! ಮೇಲಾಗಿ ಗಾಜಿನ ಬಾಗಿಲು ಬೆವರುತ್ತದೆ, ತಳದಲ್ಲಿ ನೀರು ನಿಲ್ಲುತ್ತದೆ, ಲೇಬಲ್‌ಗೆ ಬೂಷ್ಟು ಬಂದಿದೆ.

ಬಾಗಿಲಿನ ರಬ್ಬರ್‌ಗೆ ನೋಟು ಸಿಕ್ಕಿಸಿ ಎಳೆದು ನೋಡಿದೆ. ಕೆಳಗಿನ ಮೂಲೆಯಲ್ಲಿ ಸಲೀಸಾಗಿ ಬಂತು, ಅಂದರೆ ಅಲ್ಲಿ ರಬ್ಬರ್ ಸಡಿಲವಾಗಿದೆ. ಹಿಂದಿನ ಫ್ಯಾನಿನ ದೂಳು ತೆಗೆದೆ, ಆದರೂ ಗರಗರ ಸದ್ದು, ನಡುನಡುವೆ ನಿಂತೇ ಬಿಡುತ್ತದೆ.

ಒಬ್ಬ ಫ್ರಿಜ್ ಮೆಕ್ಯಾನಿಕ್ ಬಂದು ‘ಗ್ಯಾಸ್ ತುಂಬಿಸಬೇಕು’ ಅಂದರು. ಇದರಲ್ಲಿ ಗ್ಯಾಸೇ ಇರುವುದಿಲ್ಲ, ಅಲ್ವಾ?

ಫ್ಯಾನ್, ರಬ್ಬರ್ ಬದಲಿಸಿದರೆ ಸಾಕಾ, ಪೆಲ್ಟಿಯರ್ ಚಿಪ್ಪೇ ಹೋಗಿರಬಹುದಾ? ಹುಬ್ಬಳ್ಳಿ-ಧಾರವಾಡದಲ್ಲಿ ಇದನ್ನು ಬಿಚ್ಚಿ ನೋಡಿ ಗೊತ್ತಿರುವವರು ಇದ್ದರೆ ದಯವಿಟ್ಟು ತಿಳಿಸಿ. ಅಂದಾಜು ಖರ್ಚನ್ನೂ ಹೇಳಿ.