ಶುಗರ್ ಇರುವವರ ಹಾರ್ಟಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ಅಪ್ಪನಿಗೆ 61 ವರ್ಷ, ಶುಗರ್ ಬಂದು ಹದಿನೈದು ವರ್ಷ ಆಯಿತು. ಮೂರು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಈಗ ಎಕೋದಲ್ಲಿ (ಹೃದಯದ ಸ್ಕ್ಯಾನ್) ಪಂಪಿಂಗ್ ಶೇ. 35 ಅಂತ ಬಂದಿದೆ. ಒಂದು ಕ್ಲಿನಿಕ್‌ನವರು ಅಪ್ಪನ ಮೂಳೆ ಮಜ್ಜೆಯಿಂದಲೇ ಸ್ಟೆಮ್ ಸೆಲ್ (ಬೇರೆ ಕೋಶಗಳಾಗಬಲ್ಲ ಮೂಲಕೋಶ) ತೆಗೆದು ಚುಚ್ಚಿದರೆ ಹೃದಯ ಹೊಸದಾಗಿ ಬೆಳೆಯುತ್ತದೆ ಅನ್ನುತ್ತಾರೆ. ಮೂರೂವರೆ ಲಕ್ಷ ಕೇಳಿದ್ದಾರೆ. ಸೈಟ್ ಮೇಲೆ ಸಾಲ ತೆಗೆಯೋಣ ಅಂತ ಅಮ್ಮ ಹೇಳುತ್ತಿದ್ದಾರೆ.

ಡಾಕ್ಟರ್: ಸಾಲ ಮಾಡಬೇಡಿ. ಕಾರಣ ಹೇಳುತ್ತೇನೆ.

ಹೃದಯದ ಸ್ನಾಯು ತಾನಾಗಿ ಬೆಳೆಯುವುದು ತೀರಾ ಕಡಿಮೆ. ಸ್ವೀಡನ್‌ನ ಕ್ಯಾರೊಲಿನ್ಸ್ಕಾ ಸಂಸ್ಥೆಯವರು 2009ರಲ್ಲಿ ಇದನ್ನು ಲೆಕ್ಕ ಹಾಕಿದರು. ಹಿಂದಿನ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ್ದ ಇಂಗಾಲ-14 ನಮ್ಮ ಜೀವಕೋಶಗಳಲ್ಲೂ ಸೇರಿಕೊಂಡಿದೆ. ಅದನ್ನು ಅಳೆದು ಕೋಶದ ವಯಸ್ಸು ಕಂಡುಹಿಡಿದರು. 25ರ ವಯಸ್ಸಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದು ಸ್ನಾಯುಕೋಶ ಹೊಸದಾಗುತ್ತದೆ, 75ಕ್ಕೆ ಅದರ ಅರ್ಧವೂ ಇಲ್ಲ. ದೊಡ್ಡ ಅಟ್ಯಾಕ್‌ನಲ್ಲಿ ಸಾಯುವ ಕೋಶಗಳು ನೂರು ಕೋಟಿಯವರೆಗೂ ಇರಬಹುದು. ಹಾಗಾಗಿ ಆ ಜಾಗ ಗಾಯದ ಕಲೆಯಾಗಿ ಗಟ್ಟಿಯಾಗುತ್ತದೆ, ಬಿರುಕಿಗೆ ಸಿಮೆಂಟ್ ಮೆತ್ತಿದ ಹಾಗೆ. ಗೋಡೆ ನಿಲ್ಲುತ್ತದೆ, ಆದರೆ ಆ ಭಾಗ ಹಿಂಡುವುದಿಲ್ಲ.

ಮಜ್ಜೆಯಿಂದ ಬರುವ ಕೋಶಗಳು ಮುಖ್ಯವಾಗಿ ಸಣ್ಣ ರಕ್ತನಾಳಗಳ ರಿಪೇರಿಗೆ ನೆರವಾಗುತ್ತವೆ. ಶುಗರ್ ಇರುವವರಲ್ಲಿ ಸಮಸ್ಯೆ ಇರುವುದು ಇಲ್ಲೇ. ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಮಜ್ಜೆಯೊಳಗಿನ ನಾಳ, ನರಗಳೇ ಹಾಳಾಗುತ್ತವೆ. ಕೋಶಗಳು ಹೊರಗೆ ಬರುವುದೇ ಕಡಿಮೆ. ಅವನ್ನು ರಕ್ತಕ್ಕೆ ತರುವ ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಟ್ಟರೂ ಬೇರೆಯವರಲ್ಲಿ ಬಂದಷ್ಟು ಬರುವುದಿಲ್ಲ. ಬಂದವೂ ಸೋತಿರುತ್ತವೆ: ನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆ, ಉರಿಯೂತ ಜಾಸ್ತಿ. ಈಗ ನೀವೇ ಯೋಚಿಸಿ. ಹದಿನೈದು ವರ್ಷ ಸಕ್ಕರೆಯಲ್ಲಿ ನೆನೆದ ಮಜ್ಜೆಯಿಂದಲೇ ತೆಗೆದು ಚುಚ್ಚುವುದಕ್ಕೆ ಮೂರೂವರೆ ಲಕ್ಷ!

ಇನ್ನು 'ಹೃದಯ ಬೆಳೆಯುತ್ತದೆ' ಅನ್ನುವ ಮಾತು. 2001ರಲ್ಲಿ ಅಮೆರಿಕದಲ್ಲಿ ಪಿಯೆರೊ ಅನ್ವೆರ್ಸಾ ಅವರ ತಂಡ ಇಲಿಗಳಲ್ಲಿ ಹೀಗಾಯಿತು ಎಂದಿತ್ತು. ಬೇರೆ ಲ್ಯಾಬ್‌ಗಳಲ್ಲಿ ಹಾಗೆ ಆಗಲಿಲ್ಲ. 2018ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವೇ ಅನ್ವೆರ್ಸಾ ಲ್ಯಾಬ್‌ನ 31 ಪ್ರಬಂಧಗಳನ್ನು ಹಿಂಪಡೆಯಬೇಕೆಂದು ಹೇಳಿತು. ಪ್ರಬಂಧ ಹೋದರೂ ಕ್ಲಿನಿಕ್‌ಗಳ ಬ್ರೋಷರ್ ಹೋಗಿಲ್ಲ. ನಮ್ಮಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ಹೃದಯಕ್ಕೆ ಸ್ಟೆಮ್ ಸೆಲ್ ಒಪ್ಪಿತ ಚಿಕಿತ್ಸೆ ಅಲ್ಲ, ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು. ಕ್ಲಿನಿಕ್‌ನವರಿಗೆ ಸಿಟಿಆರ್‌ಐ (ದೇಶದ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ ನೋಡಿ.

ಇನ್ನೊಬ್ಬ ಸದಸ್ಯರು: ಸರ್, ಈಗ ಶುಗರ್ ಪೂರ್ತಿ ನಾರ್ಮಲ್‌ಗೆ ತಂದರೆ ಆ ಕೋಶಗಳು ಸರಿಹೋಗಲ್ವಾ?

ಡಾಕ್ಟರ್: ಸ್ವಲ್ಪ ಮಟ್ಟಿಗೆ. ದೇಹಕ್ಕೆ ಹಳೆಯ ಸಕ್ಕರೆಯ ನೆನಪು ಇರುತ್ತದೆ. ಬ್ರಿಟನ್‌ನ ಯುಕೆಪಿಡಿಎಸ್ ಅಧ್ಯಯನದಲ್ಲಿ ಹೊಸದಾಗಿ ಶುಗರ್ ಬಂದವರಲ್ಲಿ ಒಂದು ಗುಂಪಿಗೆ ಬಿಗಿ ಹಿಡಿತ, ಇನ್ನೊಂದಕ್ಕೆ ಸಾಮಾನ್ಯ ಚಿಕಿತ್ಸೆ. ಅದು 1997ರಲ್ಲಿ ಮುಗಿಯಿತು. ವರ್ಷದೊಳಗೆ ಎರಡೂ ಗುಂಪಿನ ಶುಗರ್ ಒಂದೇ ಆಯಿತು. ಆದರೂ ಹತ್ತು ವರ್ಷದ ನಂತರ ನೋಡಿದರೆ, ಕಾಯಿಲೆ ಶುರುವಿನಲ್ಲೇ ಹಿಡಿತದಲ್ಲಿಟ್ಟವರಿಗೆ ಹಾರ್ಟ್ ಅಟ್ಯಾಕ್ ಕಡಿಮೆ. ತಡವಾಗಿ ಆತುರಪಟ್ಟರೆ ಇದೇ ಫಲ ಸಿಗುವುದಿಲ್ಲ. ಹೃದ್ರೋಗದ ಅಪಾಯ ಹೆಚ್ಚಿದ್ದವರಲ್ಲಿ ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) 6ಕ್ಕಿಂತ ಕೆಳಗೆ ಇಳಿಸಲು ಹೊರಟ ಅಕಾರ್ಡ್ ಅಧ್ಯಯನದಲ್ಲಿ ಸಾವು ಹೆಚ್ಚಾಗಿ, 2008ರಲ್ಲಿ ಆ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಯಿತು. ಸಾಮಾನ್ಯವಾಗಿ 7ರ ಆಸುಪಾಸು ಸಾಕು, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಸಡಿಲ.

ಪ್ರಶ್ನೆ ಕೇಳಿದವರು: ಹಾಗಾದರೆ ಏನು ಮಾಡೋಣ ಸರ್? ಸುಮ್ನೆ ಕೂರೋದಾ?

ಡಾಕ್ಟರ್: ಖಂಡಿತ ಇಲ್ಲ. ಎಂಪಾಗ್ಲಿಫ್ಲೋಜಿನ್ ಅಥವಾ ಡಾಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ಬರೆದಿದ್ದಾರಾ ನೋಡಿ. ಶುಗರ್ ಜೊತೆಗೆ ಹೃದ್ರೋಗವೂ ಇದ್ದವರಲ್ಲಿ ಎಂಪಾಗ್ಲಿಫ್ಲೋಜಿನ್ ಹೃದಯ ಸಂಬಂಧಿ ಸಾವನ್ನು ಶೇ. 38ರಷ್ಟು ಕಡಿಮೆ ಮಾಡಿತು ಎಂದು 2015ರಲ್ಲಿ ಗೊತ್ತಾಯಿತು. ಸ್ನಾಯು ಬೆಳೆಸಿ ಅಲ್ಲ, ಉಳಿದ ಸ್ನಾಯುವಿನ ಹೊರೆ ಇಳಿಸಿ. 2025ರಲ್ಲಿ ಇಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಇಳಿದಿದೆ. ಬೀಟಾ ಬ್ಲಾಕರ್ ಮತ್ತು ಉಳಿದ ಹಾರ್ಟ್ ಮಾತ್ರೆ ಒಂದೂ ಬಿಡಬಾರದು. ಮಾತ್ರೆಗಳೆಲ್ಲ ಸರಿಯಾದ ಪ್ರಮಾಣಕ್ಕೆ ಬಂದು ಮೂರು ತಿಂಗಳಾದ ಮೇಲೂ ಪಂಪಿಂಗ್ 35 ದಾಟದಿದ್ದರೆ ಐಸಿಡಿ (ಹೃದಯ ಬಡಿತ ಅಪಾಯಕಾರಿಯಾಗಿ ತಪ್ಪಿದರೆ ಶಾಕ್ ಕೊಟ್ಟು ಸರಿಪಡಿಸುವ) ಉಪಕರಣದ ಬಗ್ಗೆ ನಿಮ್ಮ ಹೃದ್ರೋಗ ತಜ್ಞರನ್ನು ಕೇಳಿ. ದುಡ್ಡು ಬೇಕಾಗುವುದು ಅಂಥದ್ದಕ್ಕೆ.

ಪ್ರಶ್ನೆ ಕೇಳಿದವರು: ಎಂಪಾಗ್ಲಿಫ್ಲೋಜಿನ್ ಈಗಾಗಲೇ ತಗೊಳ್ತಿದ್ದಾರೆ ಸರ್. ಆದರೆ ಅಪ್ಪ ಏಕಾದಶಿಗೆ ನೀರು ಬಿಟ್ಟು ಏನೂ ಮುಟ್ಟಲ್ಲ.

ಡಾಕ್ಟರ್: ಅದು ಬೇಡ. ಈ ಮಾತ್ರೆ ತೆಗೆದುಕೊಂಡು ಪೂರ್ತಿ ಉಪವಾಸ ಇದ್ದರೆ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಬರುವ ಆಮ್ಲ) ಏರಿ ಐಸಿಯು ಸೇರಬೇಕಾಗಬಹುದು, ಶುಗರ್ ರೀಡಿಂಗ್ ಅಷ್ಟೇನೂ ಜಾಸ್ತಿ ತೋರಿಸದೇ ಇದ್ದರೂ. ಫಲಾಹಾರ ಮಾಡಲಿ. ವಾಂತಿಯಾಗಿ ಊಟ ಸೇರದ ದಿನ ಎಂಪಾಗ್ಲಿಫ್ಲೋಜಿನ್ ಮಾತ್ರೆ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.