ಪದಚರ್ಚೆ: ‘ಇಂಟರ್ನೆಟ್ ಸ್ಥಗಿತ’ ಅಂದರೆ ನಿಂತದ್ದೋ, ನಿಲ್ಲಿಸಿದ್ದೋ?

ಬಳಗದವರಿಗೆ ನಮಸ್ಕಾರ.

ಮೈಸೂರಿನ ಗೆಳೆಯರೊಬ್ಬರ ಮಾಸಿಕಕ್ಕೆ, ಬಿಗಿ ಸರ್ಕಾರಗಳು ಇಂಟರ್ನೆಟ್ಟನ್ನು ಹೇಗೆ ಹಿಡಿತದಲ್ಲಿ ಇಟ್ಟುಕೊಳ್ಳುತ್ತವೆ ಅಂತ ಲೇಖನ ಬರೆಯುತ್ತಿದ್ದೇನೆ. ವಿಷಯ ಬೇಕಾದಷ್ಟಿದೆ, ಮಾತಿಗೇ ತಡಕಾಟ.

ನಮ್ಮ ಪತ್ರಿಕೆಗಳಲ್ಲಿ ಎಲ್ಲಕ್ಕೂ ‘ಸ್ಥಗಿತ’. ಕೇಬಲ್ ತುಂಡಾದರೂ ಸ್ಥಗಿತ, ಟವರಿಗೆ ಕರೆಂಟ್ ಹೋದರೂ ಸ್ಥಗಿತ, ಸರ್ಕಾರವೇ ಆದೇಶ ಕೊಟ್ಟು ನಿಲ್ಲಿಸಿದರೂ ‘ಸೇವೆ ಸ್ಥಗಿತಗೊಂಡಿದೆ’. ಮಾಡಿದವರು ಯಾರು ಅನ್ನುವುದು ಮಾಯ. ಮಂಡ್ಯದ ನಮ್ಮ ಬೀದಿಯ ಅಂಗಡಿಯವರಿಗೆ ಈ ಗೊಂದಲವೇ ಇಲ್ಲ. ಸಿಗ್ನಲ್ ಸಿಗದಿದ್ದರೆ ‘ನೆಟ್ ಬತ್ತಿಲ್ಲ’, ಮೇಲಿನವರು ನಿಲ್ಲಿಸಿದ್ದರೆ ‘ನೆಟ್ ನಿಲ್ಸವ್ರೆ’. ಕರೆಂಟಿಗೂ ಹಾಗೆಯೇ: ‘ಹೋಯ್ತು’ ಬೇರೆ, ‘ತೆಗೆದ್ರು’ ಬೇರೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಹೇರಿದಾಗ ದೆಹಲಿಯಲ್ಲಿ ಪತ್ರಿಕೆಗಳು ಅಚ್ಚಾಗದಿರಲಿ ಎಂದು ಪತ್ರಿಕಾ ಕಚೇರಿಗಳಿದ್ದ ಬಹಾದುರ್ ಶಾ ಜಾಫರ್ ಮಾರ್ಗದ ಕರೆಂಟ್ ತೆಗೆಸಿದರಲ್ಲ, ಅದನ್ನು ಯಾರೂ ‘ವಿದ್ಯುತ್ ವ್ಯತ್ಯಯ’ ಅನ್ನಲಾರರು.

ಈಜಿಪ್ಟನ್ನೇ ನೋಡಿ. 2011ರ ಜನವರಿ 27ರ ನಡುರಾತ್ರಿ ಕಳೆಯುತ್ತಲೇ, ಸರ್ಕಾರದ ಆದೇಶದಂತೆ, ಅಲ್ಲಿನ ದೊಡ್ಡ ಇಂಟರ್ನೆಟ್ ಕಂಪನಿಗಳು ಒಂದರ ಹಿಂದೊಂದು, ತಮ್ಮ ಜಾಲಕ್ಕೆ ಬರುವ ದಾರಿ ಇದು ಎಂದು ಹೊರಗಿನ ರೂಟರುಗಳಿಗೆ ಹೇಳುವುದನ್ನೇ ಬಿಟ್ಟವು. ತಂತಿಗಳೆಲ್ಲ ಇದ್ದ ಹಾಗೇ ಇದ್ದವು, ದಾರಿ ಮಾತ್ರ ಯಾರಿಗೂ ಗೊತ್ತಿಲ್ಲ. ಮತ್ತೆ ಬಿಟ್ಟದ್ದು ಫೆಬ್ರವರಿ 2ಕ್ಕೆ. ಇದನ್ನು ‘ಸ್ಥಗಿತ’ ಅಂದರೆ ಆದೇಶ ಕೊಟ್ಟವರು ನಮಗೆ ಋಣಿಯಾಗಿರಬೇಕು.

‘ಇಂಟರ್ನೆಟ್ ಬಂದ್’ ಚಿಕ್ಕದಾಗಿದೆ, ತಲೆಬರಹಕ್ಕೆ ಕೂರುತ್ತದೆ. ಆದರೆ ಮಂಡ್ಯದವನಾಗಿ ಒಪ್ಪಲು ಕಷ್ಟ. ಬಂದ್ ಅಂದರೆ ಕಾವೇರಿ ನೀರಿಗಾಗಿ ಜನ ಕರೆ ಕೊಟ್ಟು, ಸಂಜಯ ಸರ್ಕಲ್ಲಿನಲ್ಲಿ ಕೂತು ಮಾಡುವಂಥದ್ದು. ಸರ್ಕಾರದ ವಿರುದ್ಧದ ಪದವನ್ನು ಸರ್ಕಾರಕ್ಕೇ ಯಾಕೆ ಕೊಡಬೇಕು? ‘ಅಮಾನತು’ ಅಂದರೆ ಲಂಚ ತಿಂದ ನೌಕರ ಕಣ್ಣಮುಂದೆ ಬರುತ್ತಾನೆ. ನಮ್ಮಲ್ಲಿ ಟೆಲಿಕಾಂ ಸೇವೆ ನಿಲ್ಲಿಸುವ ಬಗೆಗಿನ 2017ರ ಕೇಂದ್ರ ನಿಯಮಗಳ ಹೆಸರಿನಲ್ಲೇ ‘ತಾತ್ಕಾಲಿಕ’ ಎಂದಿತ್ತು. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ನಿಲ್ಲಿಸಿದ್ದರ ಬಗ್ಗೆ ಸುಪ್ರೀಂ ಕೋರ್ಟ್, ಅನಿರ್ದಿಷ್ಟವಾಗಿ ನಿಲ್ಲಿಸುವಂತಿಲ್ಲ, ಆದೇಶಗಳನ್ನು ಪ್ರಕಟಿಸಬೇಕು ಎಂದು 2020ರ ಜನವರಿ 10ರಂದು ಹೇಳಬೇಕಾಯಿತು.

ಆಮೇಲೆ ಅಲ್ಲಿ ಮೊಬೈಲಿಗೆ ಬಿಟ್ಟದ್ದು 2ಜಿ. 4ಜಿ ಬರುವಾಗ 2021ರ ಫೆಬ್ರವರಿ. ನಡುವೆ ಕೊರೊನಾ ಕಾಲದ ಆನ್‌ಲೈನ್ ಪಾಠಗಳೂ ಆ 2ಜಿಯಲ್ಲೇ: ಮೇಷ್ಟ್ರ ಮಾತು ಒಂದು ಕಡೆ, ಬಾಯಿ ಇನ್ನೊಂದು ಕಡೆ. ಹೀಗೆ ಬೇಕಂತಲೇ ವೇಗ ಇಳಿಸುವುದಕ್ಕೆ ‘ನಿಧಾನಗತಿ’ ಸಾಲದು. 2021ರ ಮಾರ್ಚ್‌ನಲ್ಲಿ ರಷ್ಯಾ ಟ್ವಿಟ್ಟರಿಗೆ ಮಾಡಿದ್ದೂ ಇದೇ. ‘ವೇಗ ಹಿಸುಕುವುದು’ ಎಂದು ಬರೆದಿದ್ದೇನೆ. ಅತಿಯಾಯಿತೇ?

ನನಗೆ ತೀರಾ ಇಷ್ಟವಾದದ್ದು ಇನ್ನೊಂದು. ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಹಿಡಿದ ಮೇಲೆ, ಅದೇ ತಿಂಗಳ ನಡುವಿನಿಂದ ದಿನಾ ರಾತ್ರಿ 1ರಿಂದ ಬೆಳಗ್ಗೆ 9ರವರೆಗೆ ಇಂಟರ್ನೆಟ್ ತೆಗೆಯುತ್ತಿದ್ದರು. ಹಗಲು ಇರುತ್ತಿತ್ತು. ಇರಾನಿನಲ್ಲಿ 2022ರ ಪ್ರತಿಭಟನೆಗಳ ಹೊತ್ತಿನಲ್ಲಿ ಮೊಬೈಲ್ ಇಂಟರ್ನೆಟ್ಟಿಗೆ ಸಂಜೆಯಾದರೆ ಇದೇ ಗತಿ. ‘ಇಂಟರ್ನೆಟ್ ಕರ್ಫ್ಯೂ’ ಅನ್ನುವವರಿದ್ದಾರೆ. ನಮ್ಮ ವಿಶ್ವೇಶ್ವರಯ್ಯ ನಾಲೆಗೆ ಇಷ್ಟು ದಿನ ನೀರು ಬಿಟ್ಟು, ಇಷ್ಟು ದಿನ ನಿಲ್ಲಿಸುವುದಕ್ಕೆ ‘ಕಟ್ಟು ಪದ್ಧತಿ’ ಅನ್ನುತ್ತೇವೆ. ಬಿಡುವ ಕೈ ಒಂದಿದೆ, ಅದು ನಮ್ಮದಲ್ಲ ಅನ್ನುವುದು ಆ ಮಾತಿನಲ್ಲೇ ಇದೆ. ‘ಇಂಟರ್ನೆಟ್ಟಿಗೂ ಕಟ್ಟು ಪದ್ಧತಿ’ ಎಂದು ಬರೆದರೆ ಮದ್ದೂರು, ಮಳವಳ್ಳಿಯ ಓದುಗರಿಗೆ ವಿವರಣೆಯೇ ಬೇಡ. ಸಂಪಾದಕರು ಮಾತ್ರ ‘ಧಾರವಾಡದವರಿಗೆ ಇದು ಏನು ತಿಳಿದೀತು’ ಅನ್ನುತ್ತಿದ್ದಾರೆ.

ಚೀನಾದ ಬಗ್ಗೆ ಚಿಂತೆಯಿಲ್ಲ. ಅಲ್ಲಿನ ಮಹಾಗೋಡೆಯನ್ನು ಕನ್ನಡಿಗರೆಲ್ಲ ಪಾಠದಲ್ಲಿ ಓದಿದವರೇ, ಹೊರಗಿನ ತಾಣಗಳನ್ನು ತಡೆಯುವ ಅಲ್ಲಿನ ಫೈರ್‌ವಾಲಿಗೂ ಅದೇ ಹೆಸರು ಸಾಕು. ವಿಪಿಎನ್ (ಆ ತಡೆ ದಾಟಿಸುವ ತಂತ್ರಾಂಶ) ಹಾಕಿಕೊಂಡು ಹೊರಗಿನ ತಾಣ ನೋಡುವುದಕ್ಕೆ ಅಲ್ಲಿಯವರು ‘ಗೋಡೆ ಹಾರುವುದು’ ಎಂದೇ ಹೇಳುತ್ತಾರೆ. ನಮ್ಮಲ್ಲಿ ಗೋಡೆ ಹಾರುವವನು ಕಳ್ಳ, ಇಲ್ಲ ಹಾಸ್ಟೆಲ್ ಹುಡುಗ. ಆ ತುಂಟತನ ಇರಲಿ ಬಿಡಿ. ಚೀನಾ ಸರ್ಕಾರ ‘ಸಾಮರಸ್ಯ’ದ ಹೆಸರಿನಲ್ಲಿ ಬರಹ ಅಳಿಸುತ್ತದೆಂದು, ಚೀನೀ ಭಾಷೆಯಲ್ಲಿ ಆ ಪದದ ಉಚ್ಚಾರಕ್ಕೆ ಹತ್ತಿರದ ‘ಹೊಳೆ ಏಡಿ’ಯ ಹೆಸರಿನಲ್ಲಿ ಜನ ಗೇಲಿ ಮಾಡಿದರು. ಆ ಶ್ಲೇಷೆ ಕನ್ನಡಕ್ಕೆ ಬರುವುದಿಲ್ಲ, ಬಿಟ್ಟಿದ್ದೇನೆ. ‘ಸೆನ್ಸಾರ್’ ಹಾಗೆಯೇ ಇರುತ್ತದೆ. ಸಂಸ್ಕೃತಕ್ಕೆ ತಿರುಗಿಸುವ ಹಿರಿಯರು ಈ ಸಲ ಕ್ಷಮಿಸಬೇಕು.

ಈಗ ಕೇಳಬೇಕಾದ್ದು. ವಾಕ್ಯದಲ್ಲಾದರೆ ‘ಸರ್ಕಾರ ಇಂಟರ್ನೆಟ್ ನಿಲ್ಲಿಸಿತು’ ಎಂದು ನೇರ ಬರೆಯಬಹುದು. ತಲೆಬರಹಕ್ಕೆ ನಾಮಪದ ಬೇಕು. ‘ಕಡಿತ’ದಲ್ಲಿ ಕಡಿದವರಿದ್ದಾರೆ, ನಿಜ, ಆದರೆ ಸಂಬಳ ಕಡಿತದ ಹಾಗೆ ಅರ್ಧ ಉಳಿದಂತೆ ಕೇಳಿಸುತ್ತದೆ. ‘ನಿಲುಗಡೆ’ ಬಸ್ಸಿನವರ ಪಾಲಾಗಿದೆ. ಬೇರೆ ಯಾವುದಾದರೂ ಹೊಳೆಯುತ್ತದೆಯೇ? ಇನ್ನೊಂದು, ತುಂಗಭದ್ರಾ ಅಚ್ಚುಕಟ್ಟಿನ ಕಡೆಯವರು ‘ಕಟ್ಟು ಪದ್ಧತಿ’ಗೆ ಏನನ್ನುತ್ತೀರಿ? ‘ವಾರಾಬಂದಿ’ ಎಂದು ಕೇಳಿದ್ದೇನೆ. ಅದು ಇಲಾಖೆಯ ಕಾಗದದ ಮಾತೋ, ಗದ್ದೆಯಲ್ಲೂ ಆಡುವ ಮಾತೋ ತಿಳಿಸಿ. ಮುಂದಿನ ವಾರ ಲೇಖನ ಅಚ್ಚಿಗೆ ಹೋಗುತ್ತದೆ.